ಬಿಚ್ಚಿದ ಬೂಟು

ಗಾರ್ತ್ ಅಳುತ್ತಿದ್ದಾನೆ ಎಂದು ಮೇವಿಸ್ ಟ್ರೆಂಬ್ಲಿಗೆ ಗೊತ್ತಾದದ್ದು ಅವನ ಬೆನ್ನು ನೋಡಿ. ಅಡುಗೆಮನೆಯ ಮೇಜಿನ ಮೇಲೆ ಬೆಳಗಿನ ಟಪಾಲಿನಲ್ಲಿ ಬಂದ ಜೆರಾಕ್ಸ್ ಹಾಳೆಗಳು ಹರಡಿದ್ದವು. ಅವನು ಬೆಣ್ಣೆ ಹಚ್ಚಿದ ಟೋಸ್ಟನ್ನು ಅರ್ಧಕ್ಕೇ ಬಿಟ್ಟು ಒಂದು ಹಾಳೆಯ ಮೇಲೆ ಬಾಗಿ ಕೂತಿದ್ದ. ಅಳು ಎಂದರೆ ಬಿಕ್ಕಿ ಬಿಕ್ಕಿ ಅಳುವ ಅಳುವಲ್ಲ. ಜೀವಮಾನವಿಡೀ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ಓಡಿಸಿದ ಗಂಡಸಿಗೆ ಅದು ಬರುವುದಿಲ್ಲ. ಬೆನ್ನು ಒಂದು ಸಲ ಮೇಲೆದ್ದು ಇಳಿಯಿತು, ಮೂಗನ್ನು ಜೋರಾಗಿ ಎಳೆದುಕೊಂಡ, ಅಷ್ಟೇ.

"ಏನು ನೋಡ್ತಿದೀಯ?" ಎಂದಳು.

"ಇದನ್ನ. ನಮ್ಮಪ್ಪ ಹೋದ ದಿನ ನಮ್ಮಮ್ಮ ಹೀಗೇ ಕೂತಿದ್ಲು ಕಣೇ," ಎಂದ ಗಾರ್ತ್.

ಮೇವಿಸ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಹಾಳೆಯ ಮೇಲೆ ಅವಳದೊಂದು ಅಕ್ಷರವೂ ಇರಲಿಲ್ಲ.

ಇದ್ದದ್ದು ಒಂದೇ ಚಿತ್ರ, ಹಾಳೆಯ ಉದ್ದಗಲಕ್ಕೂ. ಒಂದು ಸಣ್ಣ ಸ್ನಾನದ ಮನೆ. ತೊಟ್ಟಿಯ ಅಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ಮುಖ ಕಾಣುವುದಿಲ್ಲ, ತಲೆ ಬಗ್ಗಿಸಿದ್ದಾಳೆ. ಒಂದು ಕಾಲಿನಲ್ಲಿ ಬೂಟಿದೆ, ಇನ್ನೊಂದು ಕಾಲು ಬರಿಗಾಲು. ಬಿಚ್ಚಿದ ಬೂಟನ್ನು ಕೆಳಗಿಡುವುದೇ ಮರೆತುಹೋಗಿ ಕೈಯಲ್ಲೇ ಹಿಡಿದುಕೊಂಡಿದ್ದಾಳೆ. ಬೂಟಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಯಾರಿಗೋ ಕೊಡಬೇಕು, ಆದರೆ ತೆಗೆದುಕೊಳ್ಳುವವರು ಅಲ್ಲಿಲ್ಲ ಎನ್ನುವ ಹಾಗೆ.

ಈ ಹೆಂಗಸೇ ಕಿಡಿ. ಬೆಂಕಿಯೊಳಗೆ ನಡೆದುಹೋಗಿ ಜನರನ್ನು ಹೊತ್ತುಕೊಂಡು ಬರುವ ಸೂಪರ್‌ಹೀರೋ. ಹಗಲು ಹೊತ್ತು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈ ಸಂಚಿಕೆಯಲ್ಲಿ ಅವಳಿಗೆ ಒಬ್ಬ ಮುದುಕನನ್ನು ಉಳಿಸಲಾಗುವುದಿಲ್ಲ. ಹಾಗೆ ಮಾಡಿದವಳು ಮೇವಿಸ್ಸೇ. ಅವಳೇ ಈಗ ಆ ಕಾಮಿಕ್ಕಿನ ಲೇಖಕಿ.

ಮೇವಿಸ್ ಟ್ರೆಂಬ್ಲಿ ಎಂದರೆ ಗೊತ್ತಿಲ್ಲದವರು ಹ್ಯಾಮಿಲ್ಟನ್ನಿನಲ್ಲಿ ಯಾರೂ ಇಲ್ಲ, ವಿಮಾನ ನಿಲ್ದಾಣಗಳಲ್ಲಂತೂ ಇಲ್ಲವೇ ಇಲ್ಲ. ಇಟ್ಟಿಗೆ ಗಾತ್ರದ ಕಾದಂಬರಿಗಳು, ರಟ್ಟಿನ ಮೇಲೆ ಸರೋವರ, ಸರೋವರದ ದಡದಲ್ಲಿ ಬೆನ್ನು ಹಾಕಿ ನಿಂತ ಹೆಂಗಸು. ಔಷಧಿ ಅಂಗಡಿಯಲ್ಲೂ ಸಿಗುತ್ತವೆ, ತಲೆನೋವಿನ ಮಾತ್ರೆಯ ಪಕ್ಕದ ಕಪಾಟಿನಲ್ಲಿ. ಜನ ಅಳುತ್ತಾ ಓದುತ್ತಾರೆ, ಅವಳಿಗೆ ಕಾಗದ ಬರೆಯುತ್ತಾರೆ. ಗುಡ್ಡದ ಮೇಲಿನ ಅವಳ ಮನೆ ಎದ್ದು ನಿಂತದ್ದೇ ಅವರ ಕಣ್ಣೀರಿನಿಂದ. ಅಳದೇ ಇದ್ದವನು ಒಬ್ಬನೇ, ಗಾರ್ತ್. ಹೆಂಡತಿಯ ಒಂದು ಪುಸ್ತಕವನ್ನೂ ಅವನು ಮುಗಿಸಿದವನಲ್ಲ. ಎದೆಯ ಮೇಲೆ ಪುಸ್ತಕ ಕವುಚಿಕೊಂಡು ನಿದ್ದೆ ಹೋಗುತ್ತಿದ್ದ. ಕೇಳಿದರೆ, ನೀನು ಬರೆದದ್ದು ಅಂದ ಮೇಲೆ ಚೆನ್ನಾಗೇ ಇರುತ್ತದಲ್ಲ ಎನ್ನುತ್ತಿದ್ದ. ಅವಳ ಮೊದಲ ಪುಸ್ತಕ, ಯಾರೂ ಕೊಳ್ಳದೆ ಗೋದಾಮಿನಲ್ಲೇ ಕೊಳೆತದ್ದು, ಅದನ್ನು ಅವನ ಹೆಸರಿಗೇ ಅರ್ಪಿಸಿದ್ದಳು. ಅರ್ಪಣೆಯ ಪುಟವನ್ನು ಓದಿ ಅವನು ಬಹಳ ಸಂತೋಷಪಟ್ಟ. ಅಲ್ಲಿಂದ ಆಚೆಗೆ ಹೋಗಲಿಲ್ಲ.

ಪಾರ್ಟಿಗಳಲ್ಲಿ ಮೇವಿಸ್ ಇದನ್ನು ತಮಾಷೆಯಾಗಿ ಹೇಳುತ್ತಿದ್ದಳು. ಜನ ನಗುತ್ತಿದ್ದರು. ಒಳಗೆ ಮಾತ್ರ, ಒಂದೇ ಒಂದು ಸಲ ಈ ಗಂಡಸು ತನ್ನ ಒಂದು ಪುಟದ ಮುಂದೆ ಹೀಗೆ ಮೂಗೆಳೆದುಕೊಳ್ಳಬೇಕು ಎಂಬ ಆಸೆ ಅವಳಿಗೆ ಎಂದೂ ಬತ್ತಿರಲಿಲ್ಲ. ಇವತ್ತು ಎಳೆದುಕೊಂಡ. ಬೇರೆಯವಳ ಪೆನ್ಸಿಲ್ಲಿಗೆ.

ಕಾಮಿಕ್ ಬರೆಯುವುದಕ್ಕೆ ಒಪ್ಪಿಕೊಂಡಾಗ ಅವಳು ಅದನ್ನು ವಾರದ ಕೆಲಸ ಅಂದುಕೊಂಡಿದ್ದಳು. ಚಿತ್ರದ ಪುಸ್ತಕ ತಾನೇ. ಲೂ ಫ್ರಾಸ್ಕಾ ಬಂದು ಕೇಳಿದ್ದ. ಊರ ಕೆಳಭಾಗದಲ್ಲಿ, ಹಿಂದೆ ಕಾಲುಚೀಲ ನೇಯುತ್ತಿದ್ದ ಗಿರಣಿಯ ಮೇಲಿನ ಅಂತಸ್ತಿನಲ್ಲಿ ಅವನ ಸಣ್ಣ ಪ್ರಕಾಶನ. ಅವನೇ ಸಂಪಾದಕ, ಚಿತ್ರದ ಮೇಲೆ ಮಾತುಗಳನ್ನು ಕೂರಿಸುವವನೂ ಅವನೇ, ಬೆಳಿಗ್ಗೆ ಬಾಗಿಲು ತೆಗೆದು ಕಾಫಿ ಕಾಸುವವನೂ ಅವನೇ. ಕಿಡಿಯ ಕಥೆ ಬರೆಯುತ್ತಿದ್ದವನು ಪಶ್ಚಿಮದ ಕಡೆ ಹೊರಟುಹೋಗಿದ್ದ, ಮಾರಾಟ ಬಿದ್ದಿತ್ತು. ರಟ್ಟಿನ ಮೇಲೆ ಮೇವಿಸ್ ಟ್ರೆಂಬ್ಲಿ ಎಂಬ ಹೆಸರು ಬಂದರೆ ನಿಮ್ಮ ಓದುಗರು ಅರ್ಧದಷ್ಟಾದರೂ ನಮ್ಮ ಅಂಗಡಿಗೆ ಬರುತ್ತಾರೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಅವನು ಸುತ್ತಿ ಬಳಸಿ ಮಾತಾಡದ್ದು ಅವಳಿಗೆ ಹಿಡಿಸಿತು.

ಮೊದಲ ಕಂತು ಕಳಿಸಿದ ಮಾರನೇ ದಿನವೇ ಅವನ ಫೋನು ಬಂತು.

"ಅಮ್ಮಾವ್ರೇ, ಒಂದು ಚಿತ್ರದ ಚೌಕದಲ್ಲಿ ಒಂದೇ ಕೆಲಸ ಆಗೋದು. ನಿಮ್ಮ ಹುಡುಗಿ ಮನೆಗೆ ಬರ್ತಾಳೆ, ಕೋಟು ತೆಗೀತಾಳೆ, ಬೂಟು ಬಿಚ್ತಾಳೆ, ಕೆಟಲ್ ಇಡ್ತಾಳೆ, ಸತ್ತೋನನ್ನ ನೆನೆಸ್ಕೋತಾಳೆ, ಎಲ್ಲಾ ಒಂದೇ ಚೌಕದಲ್ಲಿ. ಕಿಡಿಗೆ ಬೆಂಕಿ ಏನೂ ಮಾಡಲ್ಲ ನಿಜ. ಆದ್ರೆ ಕೈ ಇರೋದು ಎರಡೇ."

"ನೆನೆಸ್ಕೊಳ್ಳೋಕೆ ಕೈ ಬೇಕಿಲ್ಲ ಲೂ," ಎಂದಿದ್ದಳು ಮೇವಿಸ್.

"ಬರೆಯೋರಿಗೆ ಬೇಕಿಲ್ಲ. ಬಿಡಿಸೋರಿಗೆ ಬೇಕು."

ಕಾದಂಬರಿ ಬರೆಯುವವರು ಮೊದಲ ಸಲ ಕಾಮಿಕ್ಕಿಗೆ ಕೈ ಹಾಕಿದರೆ ಎಲ್ಲರೂ ಮಾಡುವ ತಪ್ಪಂತೆ ಇದು. ಲೂ ನಗುತ್ತಲೇ ಹೇಳಿದ, ಅವಳಿಗೆ ನಗು ಬರಲಿಲ್ಲ. ಎಲ್ಲರೂ ಮಾಡುವ ತಪ್ಪನ್ನು ತಾನೂ ಮಾಡಿದೆ ಎಂಬುದು ಅವಳಿಗೆ ತಪ್ಪಿಗಿಂತ ಹೆಚ್ಚು ಉರಿಯಿತು. ಚಿಂತೆ ಬೇಡ, ಚಿತ್ರ ಬರೆಯುವ ಡಾನೂಟಾ ಅದನ್ನು ಸರಿಮಾಡಿಕೊಳ್ಳುತ್ತಾಳೆ ಎಂದ ಲೂ. ಅಲ್ಲಿಯ ಕ್ರಮವೇ ಹಾಗೆ. ಲೇಖಕಿ ಬರೆದುಕೊಡುತ್ತಾಳೆ. ಚಿತ್ರ ಬರೆಯುವವಳು ತನಗೆ ಬೇಕಾದ ಹಾಗೆ ಚೌಕಗಳನ್ನು ಒಡೆಯಬಹುದು, ಕೂಡಿಸಬಹುದು. ಆಮೇಲೆ ಬರೀ ಚಿತ್ರಗಳ ಜೆರಾಕ್ಸ್ ಲೇಖಕಿಗೆ ವಾಪಸು ಬರುತ್ತದೆ. ಯಾವ ಮಾತು ಯಾವ ಜಾಗದಲ್ಲಿ ಕೂರಬೇಕು ಎಂದು ಅವಳು ಅದರ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಪೆಟ್ಟಿಗೆ ಗೀಚಿ ಕಳಿಸುತ್ತಾಳೆ. ಪೆಟ್ಟಿಗೆ ಎಲ್ಲಿ ಗೀಚಿದಳೋ ಅಲ್ಲಿಯೇ. ಆ ವಿಷಯದಲ್ಲಿ ಲೇಖಕಿಯದೇ ಕೊನೇ ಮಾತು.

ಡಾನೂಟಾ ರೋನಾಳನ್ನು ಮೇವಿಸ್ ನೋಡಿದ್ದು ಒಂದೇ ಸಲ, ಲೂನ ಆಫೀಸಿನಲ್ಲಿ. ಎತ್ತರದ, ಒರಟಾಗಿ ಕತ್ತರಿಸಿದ ಕೂದಲಿನ ಹೆಂಗಸು. ಸಿಗರೇಟು ಬಿಟ್ಟಿದ್ದಕ್ಕೆ ಬದಲಾಗಿ ದಿನವಿಡೀ ಚ್ಯೂಯಿಂಗ್ ಗಮ್ ಅಗಿಯುತ್ತಾಳೆ. ಕಾರ್ಖಾನೆಯ ಬೇಲಿಗೆ ಅಂಟಿಕೊಂಡ ಬೀದಿಯಲ್ಲಿ, ತಾಯಿ ಬಿಟ್ಟುಹೋದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ವಿನಯ ಗಿನಯ ಅವಳ ಹತ್ತಿರ ಇಲ್ಲ. ಈ ದೇಶದಲ್ಲಿ ಚಿತ್ರದಲ್ಲಿ ಮನುಷ್ಯರ ಕೈ ಬಿಡಿಸುವುದಕ್ಕೆ ನನ್ನಂಥವರು ಇನ್ನೊಬ್ಬರಿದ್ದರೆ ತೋರಿಸಿ ಎಂದು ಮೊದಲ ಹತ್ತು ಮಾತಿನೊಳಗೇ ಹೇಳಿಬಿಟ್ಟಿದ್ದಳು. ಆಮೇಲೆ, ನಿಮ್ಮ ಪುಸ್ತಕ ಓದಿದ್ದೇನೆ ಎಂದಳು. ಹೀಗೆ ಹೇಳುವ ಹಲ್ಲಿನ ಡಾಕ್ಟರ ಸಹಾಯಕಿಯರಿಗೆ ಕೊಡುವ ನಗೆಯನ್ನೇ ಮೇವಿಸ್ ಅವಳಿಗೂ ಕೊಟ್ಟಳು. ಯಾವ ಪುಸ್ತಕ ಎಂದು ಡಾನೂಟಾ ಹೇಳಹೊರಟಳು. ಅಷ್ಟರಲ್ಲಿ ಲೂ ಕಾಫಿ ತಂದ, ಮಾತು ಇನ್ನೆಲ್ಲಿಗೋ ಹೋಯಿತು.

ಈಗ ಗಾರ್ತ್ ಮುಖ ಒರೆಸಿಕೊಂಡು, ಅರ್ಧ ಟೋಸ್ಟು ಬಾಯಿಗೆ ಹಾಕಿಕೊಂಡು, ಹಿಮ ಎತ್ತಿಹಾಕಲು ಸಲಿಕೆ ತೆಗೆದುಕೊಂಡು ಹೊರಗೆ ಹೋದ. ಹೋಗುವಾಗ, "ಇದನ್ನ ಬಿಡಿಸಿದ ಹೆಂಗಸು ಯಾರೋ ಗಟ್ಟಿಗಿತ್ತಿ ಕಣೇ," ಎಂದ.

ಅವನು ಹೋದ ಮೇಲೆ ಮೇವಿಸ್ ಆ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕಿಟಕಿಯಾಚೆ ಸಲಿಕೆ ಸಿಮೆಂಟನ್ನು ಕೆರೆಯುವ ಸದ್ದು. ಚಿತ್ರದಲ್ಲಿ ಏನು ಅಂಥದ್ದಿದೆ ಎಂದು ಹುಡುಕಿದಳು. ತೊಟ್ಟಿ ತೊಟ್ಟಿಯಂತಿತ್ತು. ಗೋಡೆ ಖಾಲಿ. ಎಲ್ಲ ಇದ್ದದ್ದು ಆ ಕೈಯಲ್ಲಿ. ಬೂಟನ್ನು ಗಟ್ಟಿಯಾಗಿ ಹಿಡಿದಿಲ್ಲ, ಬಿಟ್ಟಿಲ್ಲ. ತಾನು ಈ ಪುಟಕ್ಕೆ ಬರೆದಿದ್ದ ಮಾತುಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡಳು. ಮೂರು ಕರಡು ತಿದ್ದಿದ ಮಾತುಗಳು. ಅವು ಆ ಕೈಯ ಪಕ್ಕದಲ್ಲಿ ಸಾವಿನ ಮನೆಗೆ ಬಂದು ಎಲ್ಲರಿಗಿಂತ ಜೋರಾಗಿ ಅಳುವ ದೂರದ ನೆಂಟರ ಹಾಗೆ ಕಂಡವು. ಎಲ್ಲಿ ಸಿಕ್ಕಿತು ಇವಳಿಗೆ ಇದು? ಯಾವ ಮನೆಯಲ್ಲಿ ನೋಡಿದಳು? ತನಗೇಕೆ ಹೊಳೆಯಲಿಲ್ಲ?

ಇದಕ್ಕೆ ಸಭ್ಯವಾದ ಬೇರೆ ಹೆಸರಿಲ್ಲ. ಹೊಟ್ಟೆಕಿಚ್ಚು. ಪ್ರಶಸ್ತಿ ಬಂದವರನ್ನು ಕಂಡು, ಹೆಚ್ಚು ಮಾರಾಟವಾದವರನ್ನು ಕಂಡು ಅವಳಿಗೆ ಆಗಾಗ ಆಗಿದ್ದುಂಟು, ಅದು ಒಂದು ಲೋಟ ವೈನಿಗೆ ಇಳಿಯುತ್ತಿತ್ತು. ಇದು ಇಳಿಯುವ ಜಾತಿಯದಲ್ಲ.

ನೀಲಿ ಪೆನ್ಸಿಲ್ ಎತ್ತಿಕೊಂಡಳು. ಮೊದಲ ಮೂರು ಪೆಟ್ಟಿಗೆಗಳನ್ನು ಗೋಡೆಯ ಮೇಲೆ ಗೀಚಿದಳು, ಸರಿಯಾಗಿಯೇ. ನಾಲ್ಕನೆಯದು ದೊಡ್ಡದು. ಅವಳೆದೆಯೊಳಗೆ ಇಡೀ ಊರೇ ಉರಿದು ಬೂದಿಯಾಗಿತ್ತು ಎಂದು ಶುರುವಾಗುವ ಮಾತು. ಪೆನ್ಸಿಲ್ಲು ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಓದುಗರಿಗೆ ಅರ್ಥವಾಗಬೇಕಲ್ಲ, ಅವಳಿಗೆ ಏನಾಗುತ್ತಿದೆ ಎಂದು ಯಾರಾದರೂ ಹೇಳಬೇಕಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಆ ಕೈಯ ಮೇಲೆ, ಬೂಟು ಸಮೇತ ಮುಚ್ಚಿಹೋಗುವ ಹಾಗೆ, ನಾಲ್ಕು ಗೆರೆ ಎಳೆದು ಪೆಟ್ಟಿಗೆ ಮಾಡಿದಳು. ಸ್ಕೇಲು ಇಟ್ಟೇ ಎಳೆದಳು.

ಲೂ ಫೋನು ಮಾಡಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಸ್ನಾನದ ಮನೆ ಪುಟ. ನಾಲ್ಕನೇ ಪೆಟ್ಟಿಗೆ ಕೈ ಮೇಲೆ ಕೂತಿದೆ. ಬೇಕಂತಲೇ ಹಾಕಿದೀರಾ?"

"ಅಲ್ಲಿ ಜಾಗ ಇತ್ತು."

"ಜಾಗ ಎಡಗಡೆ ಗೋಡೆ ತುಂಬ ಇದೆ. ನಿಮ್ಮ ಮಾತಿಗೆ ಅಂತಲೇ ಖಾಲಿ ಬಿಟ್ಟಿದಾಳೆ ಅವಳು."

"ಗೋಡೆ ಮೇಲೆ ಬರೆದದ್ದನ್ನ ಯಾರು ಓದ್ತಾರೆ ಲೂ?"

ಅವನ ಆಫೀಸಿನ ಹೀಟರು ಗೊರಗೊರ ಅನ್ನುವುದು ಕೇಳಿಸುತ್ತಿತ್ತು.

"ಸರಿ. ಮಾತು ನಿಮ್ಮದು," ಎಂದು ಲೂ ಫೋನಿಟ್ಟ.

ಹಿಮ ಕರಗುವ ಮೊದಲೇ ಪುಸ್ತಕ ಅಚ್ಚಾಗಿ ಬಂತು. ರಟ್ಟಿನ ಮೇಲೆ ಬೆಂಕಿಯ ನಡುವೆ ಕಿಡಿ, ಕಿಡಿಗಿಂತ ದೊಡ್ಡದಾಗಿ ಮೇವಿಸ್ ಟ್ರೆಂಬ್ಲಿ. ಗಾರ್ತ್‌ಗೆ ಮೊದಲ ಪ್ರತಿ ಕೊಟ್ಟು ಅವಳು ಸಿಂಕಿನ ಹತ್ತಿರ ನಿಂತು ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದಳು. ಸಿಪ್ಪೆಗಿಂತ ಹೆಚ್ಚು ಆಲೂಗಡ್ಡೆಯೇ ಹೋಗುತ್ತಿತ್ತು. ಅವನು ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಆ ಪುಟ ಬಂತು ಎಂದು ಅವಳಿಗೆ ಗೊತ್ತಾಯಿತು, ಏಕೆಂದರೆ ಸದ್ದು ನಿಂತಿತು.

"'ಅವಳೆದೆಯೊಳಗೆ ಇಡೀ ಊರೇ ಉರಿದು ಬೂದಿಯಾಗಿತ್ತು'," ಎಂದು ಅವನು ಗಟ್ಟಿಯಾಗಿ ಓದಿದ. "ಚೆನ್ನಾಗಿದೆ ಕಣೇ. ಅಲ್ಲಾ, ಇಲ್ಲಿ ಮುಂಚೆ ಏನೋ ಇತ್ತಲ್ವಾ?"

"ಏನಿತ್ತು?"

"ಗೊತ್ತಿಲ್ಲ. ಏನೋ ಇತ್ತು." ಪುಟ ತಿರುಗಿಸಿದ. ಮುಂದಿನದನ್ನೂ ತಿರುಗಿಸಿದ. ಮುಗಿಸಿದ ಕೂಡ, ಮದುವೆಯಾದಂದಿನಿಂದ ಮೊದಲ ಬಾರಿಗೆ ಅವಳ ಹೆಸರಿರುವ ಪುಸ್ತಕವೊಂದನ್ನು ಕೊನೆಯ ತನಕ ಓದಿ ಮುಗಿಸಿದ. ಊಟಕ್ಕೆ ಏನು ಎಂದು ಕೇಳಿದ.

ಶನಿವಾರ ಜೇಮ್ಸ್ ಸ್ಟ್ರೀಟಿನ ಕಾಮಿಕ್ ಅಂಗಡಿಯಲ್ಲಿ ಸಹಿ ಹಾಕುವ ಕಾರ್ಯಕ್ರಮ. ಒಂದು ಉದ್ದ ಮೇಜು, ಎರಡು ಕುರ್ಚಿ. ಮೇವಿಸ್ ಮುಂದಿನ ಸಾಲು ಬಾಗಿಲು ದಾಟಿ ಬೀದಿಗೆ ಹೋಗಿತ್ತು. ಎಲ್ಲ ಅವಳ ಕಾದಂಬರಿಯ ಓದುಗರು, ದಪ್ಪ ಕೋಟಿನ ಹೆಂಗಸರು, ಕೈಯಲ್ಲಿ ಸರೋವರದ ಪುಸ್ತಕ. ಕಾಮಿಕ್ಕನ್ನು ಮೊಮ್ಮಗನಿಗೆ ಎಂದು ಹೇಳಿ ಕೊಳ್ಳುತ್ತಿದ್ದರು, ಎರಡು ಬೆರಳಲ್ಲಿ ಹಿಡಿದುಕೊಂಡು. ಡಾನೂಟಾ ಮುಂದೆ ಇದ್ದವರು ಐದಾರು ಜನ, ಅಷ್ಟೇ. ಆದರೆ ಅವರು ಹೋಗುತ್ತಲೇ ಇರಲಿಲ್ಲ. ಅಂಗಡಿಗೆ ಹೀಗೇ ಬಂದ ಒಬ್ಬ ವೆಲ್ಡರ್ ತನ್ನ ಕೈಯನ್ನೇ ಮೇಜಿನ ಮೇಲಿಟ್ಟ. ಡಾನೂಟಾ ಅದನ್ನು ಕಾಗದದ ಮೇಲೆ ಸರಸರನೆ ಬರೆದುಕೊಟ್ಟಳು, ಸುಟ್ಟ ಉಗುರು ಸಮೇತ. ಅವನು ಕಾಗದವನ್ನೂ ಕೈಯನ್ನೂ ಒಟ್ಟಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟ. ಮೇವಿಸ್ ತನ್ನ ಉದ್ದ ಸಾಲಿಗೆ ಸಹಿ ಹಾಕುತ್ತಾ ಆ ಗಿಡ್ಡ ಸಾಲನ್ನೇ ನೋಡುತ್ತಿದ್ದಳು. ಎರಡು ಪುಸ್ತಕಗಳಲ್ಲಿ ಹೆಸರು ತಪ್ಪಾಗಿ ಬರೆದಳು.

ಜನ ಕರಗಿದಾಗ ಡಾನೂಟಾ ಮೇಜಿನ ಕೆಳಗಿನಿಂದ ಕಂದು ಕಾಗದದಲ್ಲಿ ಸುತ್ತಿದ ಒಂದು ರಟ್ಟು ತೆಗೆದು ಇವಳ ಮುಂದೆ ಇಟ್ಟಳು.

"ನಮ್ಮಲ್ಲಿ ಇದೊಂದು ಪದ್ಧತಿ. ಹೊಸದಾಗಿ ಬರೆದವ್ರಿಗೆ ಚಿತ್ರ ಮಾಡಿದೋರು ಒಂದು ಮೂಲ ಹಾಳೆ ಕೊಡ್ಬೇಕು. ಯಾವ್ದು ಅಂತ ನಾನು ಆರಿಸೋದು. ಬೇಡ ಅನ್ನೋ ಹಾಗಿಲ್ಲ."

ಮೇವಿಸ್ ಕಾಗದ ಬಿಚ್ಚಿದಳು. ಅದೇ ಪುಟ. ಮಾತುಗಳನ್ನು ಲೂ ಕಂಪ್ಯೂಟರಿನಲ್ಲಿ ಕೂರಿಸುತ್ತಿದ್ದುದರಿಂದ ಮೂಲದ ಮೇಲೆ ಯಾವ ಪೆಟ್ಟಿಗೆಯೂ ಇರಲಿಲ್ಲ. ಜೆರಾಕ್ಸಿನಲ್ಲಿ ಕಾಣದ್ದೂ ಇಲ್ಲಿ ಕಾಣುತ್ತಿತ್ತು. ಆ ಕೈಯ ಜಾಗದಲ್ಲಿ ಎಷ್ಟು ಸಲ ಅಳಿಸಿ ಬರೆದಿದ್ದಳೆಂದರೆ ಕಾಗದ ಸವೆದು ನವಿರೆದ್ದಿತ್ತು.

ಬೇರೆ ಏನಾದರೂ ಹೇಳಬೇಕೆಂದಿದ್ದಳು ಮೇವಿಸ್. ಬಾಯಿಂದ ಬಂದದ್ದು ಇದು:

"ಎಲ್ಲಿಂದ ಸಿಕ್ತು ನಿಮಗೆ ಈ ಕೈ?"

ಡಾನೂಟಾ ಗಮ್ ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು.

"ನಿಜವಾಗ್ಲೂ ಕೇಳ್ತಿದೀರಾ? ನಿಮ್ಮದೇ ಅಲ್ವಾ. ನಿಮ್ಮ ಮೊದಲನೇ ಪುಸ್ತಕ. ಬಸ್ ಡ್ರೈವರ್ ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬರ್ತಾನೆ. ಒಂದು ಬೂಟು ಬಿಚ್ತಾನೆ, ಕೆಳಗಿಡೋದು ಮರೆತು ಕೈಯಲ್ಲೇ ಇಟ್ಕೊಂಡು ಕೂತಿರ್ತಾನೆ. ಒಂದೇ ಸಾಲು. ಹೆಂಡತಿ ಸತ್ತಳು ಅಂತಾನೂ ಹೇಳಲ್ಲ ನೀವು, ಮಾರನೇ ದಿನಕ್ಕೆ ಹೋಗ್ಬಿಡ್ತೀರಿ."

ಮೇವಿಸ್‌ಗೆ ಬಸ್ ಡ್ರೈವರನ ಮಸುಕು ನೆನಪಿತ್ತು. ಬೂಟಿನ ನೆನಪಿರಲಿಲ್ಲ. ಆಗ ಅವರು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದರು, ಇಸ್ತ್ರಿ ಮಾಡುವ ಹಲಗೆಯ ಮೇಲೆ ಕಾಗದವಿಟ್ಟು ಬರೆಯುತ್ತಿದ್ದಳು. ಹಲಗೆ ಅಲ್ಲಾಡುತ್ತದೆಂದು ಸಾಲುಗಳು ಚಿಕ್ಕವಾಗಿರುತ್ತಿದ್ದವು.

"ಲೈಬ್ರರಿಯವರು ಬಿಸಾಕೋ ರಾಶಿಯಲ್ಲಿ ಸಿಕ್ಕಿತ್ತು ಅದು," ಎಂದಳು ಡಾನೂಟಾ. "ಆ ಸಾಲು ಕಂಡ್ರೆ ನನಗೆಷ್ಟು ಹೊಟ್ಟೆ ಉರೀತಿತ್ತು ಅಂತೀರಿ. ನಾನು ಇಡೀ ಪುಟ ತಗೊಂಡ್ರೂ ಆಗದೇ ಇರೋದನ್ನ ಈ ಹೆಂಗಸು ಇಷ್ಟೇ ಇಷ್ಟರಲ್ಲಿ ಮುಗಿಸಿಬಿಟ್ಳಲ್ಲ ಅಂತ. ಎಷ್ಟು ಸಲ ಬರೆದು ಹರಿದುಹಾಕಿದೀನೋ ಲೆಕ್ಕ ಇಲ್ಲ. ನೀವು ಕಿಡಿ ಬೂಟು ಬಿಚ್ತಾಳೆ ಅಂತ ಬರೆದು ಕಳಿಸಿದಾಗ, ಓ, ನನಗೆ ಕಣ್ಸನ್ನೆ ಮಾಡ್ತಿದಾರೆ ಅನ್ಕೊಂಡೆ."

ಮೇವಿಸ್ ಕಂದು ಕಾಗದವನ್ನು ಮತ್ತೆ ರಟ್ಟಿಗೆ ಸುತ್ತತೊಡಗಿದಳು.

"ಆಮೇಲೆ ಪೆಟ್ಟಿಗೆ ಬಂದು ಸರಿಯಾಗಿ ಅದರ ಮೇಲೇ ಕೂತ್ಕೊಳ್ತು," ಎಂದು ಡಾನೂಟಾ ಮತ್ತೆ ಅಗಿಯತೊಡಗಿದಳು. "ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಬಹುಶಃ ಈಗ ನಿಮಗೆ ಆ ಸಾಲು ಸಾಲದೇನೋ ಅನ್ಕೊಂಡೆ. ಇರ್ಲಿ ಬಿಡಿ. ಬರೆದೋರು ನೀವು."

ಅಷ್ಟರಲ್ಲಿ ಕೆಂಪು ಟೋಪಿಯ ಹೆಂಗಸೊಬ್ಬಳು ಓಡುತ್ತಾ ಬಂದು, ಬಸ್ಸು ತಪ್ಪಿಹೋಯಿತು, ಇನ್ನೂ ಸಹಿ ಹಾಕುತ್ತೀರಲ್ಲವೇ ಎಂದು ಇಟ್ಟಿಗೆ ಗಾತ್ರದ ಪುಸ್ತಕ ಮುಂದಿಟ್ಟಳು. ಮೇವಿಸ್ ಅದನ್ನು ತನ್ನ ಕಡೆಗೆ ಎಳೆದುಕೊಂಡು ಹೆಸರು ಕೇಳಿದಳು.

ಮನೆಗೆ ಬಂದಾಗ ಕೆಟಲ್ಲು ಕೂಗುತ್ತಿತ್ತು. ಮೇವಿಸ್ ರಟ್ಟನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿಟ್ಟು, ಬೂಟು ತೆಗೆಯಲು ಬೆಂಚಿನ ಮೇಲೆ ಕೂತಳು. ಕಂದು ಕಾಗದ ಜಾರಿ ಬಿತ್ತು. ಗಾರ್ತ್ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಪಡಸಾಲೆಗೆ ಬಂದವನು ಅಲ್ಲೇ ನಿಂತ.

"ಇದೇ ಕಣೇ. ಇದೇ ಇತ್ತು ಅಲ್ಲಿ," ಎಂದ. ಅವಳ ಕಡೆ ನೋಡಲಿಲ್ಲ. ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತ, ಮಂಡಿ ಲಟಕ್ ಎಂದಿತು. "ಹೇಗೆ ಹೊಳೀತಂತೆ ಅವಳಿಗೆ ಇದು?"

ಮೇವಿಸ್ ಎಡಗಾಲಿನ ಬೂಟಿನ ಲೇಸು ಬಿಚ್ಚಿ, ಬೂಟನ್ನೂ ಒದ್ದೆಯಾದ ಕಾಲುಚೀಲವನ್ನೂ ಎಳೆದು ತೆಗೆದಳು.

"ಯಾವುದೋ ಹಳೇ ಪುಸ್ತಕದಲ್ಲಿ ಓದಿದ್ಲಂತೆ."

"ಹೌದಾ? ಯಾರದ್ದು?" ಗಾರ್ತ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. "ಮನೇಲಿದ್ರೆ ಕೊಡೇ. ಓದ್ತೀನಿ."

ಅವನ ಬೆನ್ನಿನ ಹಿಂದೆಯೇ ಕಪಾಟಿತ್ತು, ಅವಳ ಪುಸ್ತಕಗಳೆಲ್ಲ ಬಂದ ಕ್ರಮದಲ್ಲಿ ನಿಂತ ಕಪಾಟು. ಎಡಗಡೆ ಮೊದಲನೆಯದು ತೆಳ್ಳಗೆ, ಬಿಸಿಲಿಗೆ ಬಣ್ಣ ಹೋದ ಬೆನ್ನು. ಅವಳು ಅದನ್ನು ನೋಡಿದಳು. ಅವನ ಬಗ್ಗಿದ ಕುತ್ತಿಗೆಯನ್ನು ನೋಡಿದಳು. ಅವನು ಇನ್ನೊಂದು ಸಲ ಕೇಳಲಿ ಎಂದು ಕಾದಳು.

ಅವನು ಕೇಳಲಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಕಾಗದ ನವಿರೆದ್ದ ಆ ಜಾಗದ ಹತ್ತಿರ ಮುಖ ತಂದು ನೋಡುತ್ತಲೇ ಇದ್ದ. ಒಳಗೆ ಕೆಟಲ್ಲು ಕೂಗುತ್ತಲೇ ಇತ್ತು. ಅವಳ ಬಲಗಾಲಿನ ಬೂಟಿನಿಂದ ಹಿಮ ಕರಗಿ, ಬೀದಿಗೆ ಎರಚಿದ ಉಪ್ಪು ಬೆರೆತ ಬೂದು ನೀರು ಚಾಪೆಯ ಅಂಚು ದಾಟಿ ರಟ್ಟಿನ ಕಡೆಗೆ ಹರಿಯತೊಡಗಿತು. ಮೇವಿಸ್ ಕಾಲು ಚಾಚಿ, ಅದಕ್ಕೆ ಅಡ್ಡವಾಗಿ ತನ್ನ ಬರಿಗಾಲಿಟ್ಟಳು.